ಚೀನಾದಲ್ಲಿ ಬೇಸಿಗೆ ಮ್ಯಾಂಡರಿನ್: ಹೊರಡುವ ಮುನ್ನ ತಿಳಿಯಬೇಕಾದದ್ದು

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಬಿಟಿಎಂ ಲೇಔಟ್ ಮೇಲೆ ಓಡಾಡುವ ಆ ರೈಲಿನ ಮೊದಲ ಬೋಗಿಗಳು ಚೀನಾದ ಸಿಆರ್‌ಆರ್‌ಸಿ ಕಾರ್ಖಾನೆಯಲ್ಲಿ ತಯಾರಾಗಿ, ಹಡಗಿನಲ್ಲಿ ಚೆನ್ನೈಗೆ ಬಂದು, 2024ರ ಫೆಬ್ರುವರಿಯಲ್ಲಿ ಹೆಬ್ಬಗೋಡಿ ಡಿಪೊ ಸೇರಿದ್ದವು. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಕಟ್ಟಿದ್ದು ತೈವಾನಿನ ವಿಸ್ಟ್ರಾನ್. ಈಗ ಅದು ಟಾಟಾ ಕೈಯಲ್ಲಿದೆ. ದೇವನಹಳ್ಳಿ ಬಳಿ ಬಂದಿರುವ ಫಾಕ್ಸ್‌ಕಾನ್ ಕೂಡ ತೈವಾನಿನದೇ. ಯಂತ್ರ ಬಂದ ಕಡೆ ಅದರ ಕೈಪಿಡಿ ಬರುತ್ತದೆ, ಅದನ್ನು ಕೂರಿಸುವ ಎಂಜಿನಿಯರ್ ಬರುತ್ತಾರೆ, ಅವರ ಜೊತೆ ಮಾತಾಡಬಲ್ಲವರು ಬೇಕಾಗುತ್ತಾರೆ. ಜಯನಗರದಲ್ಲಿ ಶನಿವಾರ, ಭಾನುವಾರ ನಾನು ನಡೆಸುವ ಮ್ಯಾಂಡರಿನ್ ಪಾಠಕ್ಕೆ ಬರುವವರಲ್ಲಿ ಹೆಚ್ಚಿನವರು ಈ ಲೆಕ್ಕ ಹಾಕಿಕೊಂಡೇ ಬರುತ್ತಾರೆ. ನಾಲ್ಕೈದು ಪಾಠ ಮುಗಿಯುವಷ್ಟರಲ್ಲಿ ಅವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಸರ್, ಬೇಸಿಗೆಯಲ್ಲಿ ಚೀನಾಕ್ಕೇ ಹೋಗಿ ಕಲಿತುಬಿಟ್ಟರೆ ಹೇಗೆ? ಯಾವ ಕೋರ್ಸ್ ಒಳ್ಳೆಯದು?’

ಹೋಗುವುದು ಒಳ್ಳೆಯದೇ. ಆದರೆ ಬರಿಗೈಯಲ್ಲಿ ಹೋಗಬೇಡಿ. ಯಾವ ಊರು, ಯಾವ ವಿಶ್ವವಿದ್ಯಾಲಯ ಎನ್ನುವುದಕ್ಕಿಂತ ನೀವು ಎಷ್ಟು ಕಲಿತು ಹೋಗುತ್ತೀರಿ, ಅಲ್ಲಿ ನಿಮ್ಮ ಬಾಯಿಗೆ ಎಷ್ಟು ಕೆಲಸ ಕೊಡುತ್ತಾರೆ ಎನ್ನುವ ಎರಡು ವಿಷಯಗಳೇ ಫಲವನ್ನು ನಿರ್ಧರಿಸುತ್ತವೆ. ಮುಂದೆ ಹೇಳುವುದೆಲ್ಲ ಇವೆರಡರ ವಿಸ್ತಾರ.

ಇಂಥ ತೀವ್ರ ಶಿಬಿರದ ಕಲ್ಪನೆ ನಮ್ಮ ಕಡೆಯವರಿಗೆ ಹೊಸದಲ್ಲ. ಗಿರಿನಗರದ ‘ಅಕ್ಷರಂ’ನಲ್ಲಿ ಸಂಸ್ಕೃತ ಭಾರತಿಯ ಸಂಭಾಷಣ ಶಿಬಿರಕ್ಕೆ ಹೋಗಿ ಬಂದವರಿಗೆ ಅದರ ಗುಟ್ಟು ಗೊತ್ತು. ಮೊದಲ ದಿನದಿಂದಲೇ ಶಿಕ್ಷಕರು ಬೇರೆ ಭಾಷೆ ಆಡುವುದಿಲ್ಲ. ವಸ್ತು ತೋರಿಸಿ, ಅಭಿನಯಿಸಿ, ಅರ್ಥ ಹೊಳೆಯಿಸುತ್ತಾರೆ. ಮೈಸೂರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ನಡೆಸುವ ಕನ್ನಡ ತರಗತಿಗಳಿಗೆ ಬರುವ ಅಮೆರಿಕದ ವಿದ್ಯಾರ್ಥಿಗಳೂ ತರಗತಿಯಲ್ಲಿ ಕಲಿತದ್ದನ್ನು ಅದೇ ಸಂಜೆ ಊರಿನಲ್ಲಿ ಆಡಿ ನೋಡುತ್ತಾರೆ. ಅಮೆರಿಕದ ಮಿಡಲ್‌ಬರಿ ಕಾಲೇಜು 1915ರಿಂದ ಬೇಸಿಗೆ ಭಾಷಾ ಶಾಲೆ ನಡೆಸುತ್ತಿದೆ. ಅಲ್ಲಿ ಸೇರುವವರು ಕಲಿಯುವ ಭಾಷೆ ಬಿಟ್ಟು ಬೇರೆಯದನ್ನು ಆಡುವುದಿಲ್ಲವೆಂದು ಬರೆದು ಸಹಿ ಹಾಕಬೇಕು. 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಬೀಜಿಂಗ್‌ನಲ್ಲಿ ಆರಂಭಿಸಿದ ಎಂಟು ವಾರದ ಬೇಸಿಗೆ ಕೋರ್ಸು ಹೆಸರಾದದ್ದು ಇಂಥದೇ ಕಟ್ಟುನಿಟ್ಟಿನಿಂದ. ಆ ಮಾತಿಗೆ ಬಿಗಿಯಾಗಿ ಅಂಟಿಕೊಳ್ಳುವ ಕೋರ್ಸು ಸಿಕ್ಕರೆ ಅರ್ಧ ಕೆಲಸ ಆದಂತೆ.

ಈಗ ಗಂಟೆಗಳ ಲೆಕ್ಕಕ್ಕೆ ಬರೋಣ. ತಂದೆತಾಯಂದಿರು ಬಂದು, ‘ಆರು ವಾರ ಕಳಿಸಿದರೆ ಮಗಳು ಚೈನೀಸ್ ಮಾತಾಡ್ತಾಳಾ ಸರ್?’ ಎಂದು ಕೇಳುತ್ತಾರೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಲು ಸಂಸ್ಥೆಯೊಂದನ್ನು ಇಟ್ಟುಕೊಂಡಿದೆ. ಇಂಗ್ಲಿಷ್ ಮಾತಾಡುವವರು ಮ್ಯಾಂಡರಿನ್‌ನಲ್ಲಿ ಕೆಲಸಕ್ಕೆ ಒದಗುವಷ್ಟು ಪಳಗಲು ಸುಮಾರು 2,200 ತರಗತಿ ಗಂಟೆ ಬೇಕು ಎಂಬುದು ಅದರ ಅಂದಾಜು. ಚೀನಾದ ಸಾಮಾನ್ಯ ಬೇಸಿಗೆ ಕೋರ್ಸಿನಲ್ಲಿ ವಾರಕ್ಕೆ 20 ಗಂಟೆ ಪಾಠ. ಆರು ವಾರಕ್ಕೆ 120 ಗಂಟೆ. ಅಂದರೆ ಪೂರ್ತಿ ದಾರಿಯ ಇಪ್ಪತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಇದನ್ನು ಕೇಳಿ ಎದೆಗುಂದಬೇಕಿಲ್ಲ. ಆ 120 ಗಂಟೆಯ ಜೊತೆಗೆ ಹಾಸ್ಟೆಲು, ಕ್ಯಾಂಟೀನು, ಬಸ್ಸು, ಹಣ್ಣಿನಂಗಡಿ ಎಲ್ಲ ಪಾಠವೇ. ಆದರೆ ಅಂಗಡಿಯವನ ಮಾತು ಪಾಠವಾಗಬೇಕಾದರೆ ಅದರಲ್ಲಿ ಅರ್ಧವಾದರೂ ನಿಮ್ಮ ಕಿವಿಗೆ ಹತ್ತಬೇಕು. ಶೂನ್ಯದಿಂದ ಹೊರಟವರಿಗೆ ಮೊದಲ ಮೂರು ವಾರ ಅದು ಬರಿಯ ಸದ್ದು.

ಹಾಗಾಗಿ ನಾನು ಹಾಕುವ ಷರತ್ತು ಇದು: ಎಚ್‌ಎಸ್‌ಕೆ ಪರೀಕ್ಷೆಯ ಎರಡನೇ ಹಂತದ ಮಟ್ಟಕ್ಕೆ ಇಲ್ಲೇ ಬನ್ನಿ, ಆಮೇಲೆ ವಿಮಾನ ಹತ್ತಿ. ಎಚ್‌ಎಸ್‌ಕೆ ಎಂದರೆ ಚೀನಾ ಸರ್ಕಾರದ ಅಧಿಕೃತ ಚೀನೀ ಭಾಷಾ ಪರೀಕ್ಷೆ. ಆರು ಹಂತಗಳ ಹಳೆಯ ಲೆಕ್ಕದಲ್ಲಿ ಮೊದಲನೆಯದಕ್ಕೆ 150 ಪದ, ಎರಡನೆಯದಕ್ಕೆ 300, ಮೂರನೆಯದಕ್ಕೆ 600. 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಪ್ರಕಟವಾಗಿ ಪದಗಳ ಸಂಖ್ಯೆ ಏರಿತು. ಆದ್ದರಿಂದ ಪುಸ್ತಕ ಕೊಳ್ಳುವಾಗ ಅದು ಯಾವ ಲೆಕ್ಕದ್ದು ಎಂದು ನೋಡಿಕೊಳ್ಳಿ. ಮುನ್ನೂರು ಪದ ಬಂದರೆ ಬೆಲೆ ಕೇಳಬಹುದು, ದಾರಿ ಕೇಳಬಹುದು, ಹೆಸರು ಊರು ಹೇಳಿಕೊಳ್ಳಬಹುದು. ವಾರಾಂತ್ಯದ ಪಾಠ, ದಿನವೂ ಅರ್ಧ ಗಂಟೆಯ ಅಭ್ಯಾಸ ಸೇರಿದರೆ ಒಂದು ಶೈಕ್ಷಣಿಕ ವರ್ಷದಲ್ಲಿ ಆಗುವ ಕೆಲಸ ಅದು.

ಇಲ್ಲಿ ಮಾಡಬೇಕಾದ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಉಚ್ಚಾರಣೆ. ಇದರಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ, ಅದನ್ನು ನಾವೇ ಕೆಡಿಸಿಕೊಳ್ಳುತ್ತೇವೆ. ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಜಾರಿಗೆ ಬಂತು. ಅದನ್ನು ನೋಡಿದ ಕೂಡಲೇ ನಾವು ಇಂಗ್ಲಿಷಿನಂತೆ ಓದಿಬಿಡುತ್ತೇವೆ. ಪಿನ್‌ಯಿನ್‌ನಲ್ಲಿ ‘ಬಿ’ ಎಂಬ ಅಕ್ಷರ ನಮ್ಮ ಬ ಅಲ್ಲ, ಅದು ಪ. ‘ಪಿ’ ಎಂಬುದು ಅದರ ಮಹಾಪ್ರಾಣ: ತುಟಿ ಕೂಡಿಸಿ, ಉಸಿರು ಹೊಮ್ಮಿಸಿ ಹೇಳುವ ಫ. ಹಲ್ಲಿಗೆ ತುಟಿ ತಾಗಿಸುವ ಇಂಗ್ಲಿಷಿನ ಎಫ್ ಬೇರೆ. ಹಾಗೆಯೇ ‘ಜಿ’ ಎಂದರೆ ಕ, ‘ಕೆ’ ಎಂದರೆ ಖ. ‘ಜೆ’ ಎಂದರೆ ಚ, ‘ಕ್ಯೂ’ ಎಂದರೆ ಛ, ‘ಎಕ್ಸ್’ ಎಂದರೆ ಶ. ‘ಎಸ್‌ಎಚ್’ ಎಂದು ಬರೆದಿದ್ದರೆ ನಾಲಿಗೆ ಹಿಂದಕ್ಕೆ ಮಡಿಸಿ ಹೇಳುವ ಷ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಶ–ಷ ಭೇದವನ್ನು ನಮ್ಮ ವರ್ಣಮಾಲೆಯೇ ಕಲಿಸಿಕೊಟ್ಟಿದೆ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ನಾವೆಲ್ಲ ಓದಿದ ‘ಹ್ಯೂಯೆನ್ ತ್ಸಾಂಗ್’ ಎಂಬ ಹೆಸರು ಹಳೆಯ ಇಂಗ್ಲಿಷ್ ಕಾಗುಣಿತದ ಮೂಲಕ ನಮಗೆ ಬಂದದ್ದು. ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಆ ಯಾತ್ರಿಕನನ್ನು ಚೀನೀಯರು ಶ್ಯುವೆನ್‌ತ್ಸಾಂಗ್ ಎನ್ನುತ್ತಾರೆ. ಕನ್ನಡ ಲಿಪಿ ಅದನ್ನು ಎಷ್ಟು ಸಲೀಸಾಗಿ ಹಿಡಿದಿಡುತ್ತದೆ, ನೋಡಿ.

ಈ ಮಹಾಪ್ರಾಣದ ವಿಷಯದಲ್ಲಿ ಅಸಡ್ಡೆ ಕೂಡದು. ದಿನಬಳಕೆಯ ಕನ್ನಡದಲ್ಲಿ ಖ, ಥ, ಫ ಸಡಿಲವಾದರೂ ಯಾರಿಗೂ ತೊಂದರೆಯಿಲ್ಲ. ಮ್ಯಾಂಡರಿನ್‌ನಲ್ಲಿ ‘ಪಾವ್ ಲ’ ಎಂದರೆ ಹೊಟ್ಟೆ ತುಂಬಿತು; ಅದನ್ನೇ ಉಸಿರು ಸೇರಿಸಿ ‘ಫಾವ್ ಲ’ ಎಂದರೆ ಓಡಿಹೋದ. ದನಿಯ ಏರಿಳಿತದಲ್ಲಿ ಎರಡೂ ಒಂದೇ, ಭೇದವೆಲ್ಲ ಉಸಿರಿನಲ್ಲಿ. ನಮ್ಮ ವಿದ್ಯಾರ್ಥಿಗಳಿಗೆ ಬಾಯಿ ಮುಂದೆ ಒಂದು ತೆಳು ಕಾಗದ ಹಿಡಿಸುತ್ತೇನೆ. ‘ಪಾವ್’ ಎನ್ನುವಾಗ ಕಾಗದ ಅಲುಗಬಾರದು, ‘ಫಾವ್’ ಎನ್ನುವಾಗ ಹಾರಬೇಕು.

ಇನ್ನು ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ. ನಾಲ್ಕು ಸ್ವರಗಳು, ಜೊತೆಗೆ ಒತ್ತಿಲ್ಲದ ಹಗುರ ಉಚ್ಚಾರ ಒಂದು. ಮೊದಲನೆಯದು ಎತ್ತರದಲ್ಲಿ ಸಮನಾಗಿ ನಿಲ್ಲುತ್ತದೆ. ಎರಡನೆಯದು ನಾವು ‘ಹೌದಾ?’ ಎಂದು ಅಚ್ಚರಿಪಡುವಾಗಿನಂತೆ ಏರುತ್ತದೆ. ಮೂರನೆಯದು ಕೆಳಗೆ ಇಳಿದು ಅಲ್ಲೇ ತಂಗುತ್ತದೆ, ಒಂಟಿಯಾಗಿ ಹೇಳಿದಾಗ ಕೊನೆಯಲ್ಲಿ ತುಸು ಏಳುತ್ತದೆ. ನಾಲ್ಕನೆಯದು ‘ಸಾಕು!’ ಎಂದು ಗದರುವಂತೆ ಮೇಲಿನಿಂದ ಧಡ್ಡನೆ ಬೀಳುತ್ತದೆ. ‘ಮಾಯ್’ ಎಂಬ ಒಂದೇ ಉಚ್ಚಾರವನ್ನು ಮೂರನೇ ಸ್ವರದಲ್ಲಿ ಹೇಳಿದರೆ ಕೊಳ್ಳುವುದು, ನಾಲ್ಕನೆಯದರಲ್ಲಿ ಮಾರುವುದು, ಎರಡನೆಯದರಲ್ಲಿ ಹೂಳುವುದು. ನಮ್ಮವರು ಜಾರುವ ಜಾಗ ನನಗೆ ಚೆನ್ನಾಗಿ ಗೊತ್ತು. ಪ್ರಶ್ನೆ ಕೇಳುವಾಗ ಕೊನೆಯ ಅಕ್ಷರವನ್ನು ಏರಿಸುವುದು ನಮ್ಮ ಅಭ್ಯಾಸ. ‘ಇದನ್ನು ಮಾರುತ್ತೀರಾ’ ಎಂದು ಕೇಳಲು ಹೋಗಿ ದನಿ ಏರಿಸಿದರೆ ಮಾರುವ ಪದ ಹೂಳುವ ಪದವಾಗಿಬಿಡುತ್ತದೆ. ಈ ಅಭ್ಯಾಸವನ್ನು ಬಿಡಿಸಲು ಎದುರಿಗೆ ಕೂತು ತಿದ್ದುವವರು ಬೇಕು, ಸಮಯವೂ ಬೇಕು. ಅದಕ್ಕಾಗಿ ವಿದೇಶದಲ್ಲಿ ಲಕ್ಷಗಟ್ಟಲೆ ಸುರಿಯುವುದು ದುಂದು. ಇಲ್ಲಿಯೇ, ವಾರಾಂತ್ಯದಲ್ಲಿ, ಸಣ್ಣ ಫೀಸಿಗೆ ಆಗುವ ಕೆಲಸ ಅದು.

ವ್ಯಾಕರಣಕ್ಕೆ ಹೆದರಬೇಡಿ. ವಿಭಕ್ತಿ ಇಲ್ಲ, ಲಿಂಗ ಇಲ್ಲ, ಕಾಲಕ್ಕೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವುದಿಲ್ಲ. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂಬುದು ಮ್ಯಾಂಡರಿನ್‌ನಲ್ಲಿ ಇದೇ ಅನುಕ್ರಮದಲ್ಲಿ, ಪದಕ್ಕೆ ಪದ ಕೂರುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇದು ತಲೆಕೆಳಗು, ನಮಗೆ ಮನೆಮಾತು.

ಇಷ್ಟು ಸಿದ್ಧತೆಯಿದ್ದವರು ಈಗ ಕೋರ್ಸ್ ಆರಿಸಬಹುದು. ಮೊದಲ ತೊಡಕು ಕ್ಯಾಲೆಂಡರಿನದು. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಚೀನಾದ ಬೇಸಿಗೆ ಕೋರ್ಸುಗಳು ನಡೆಯುವುದು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಪಿಯು ಕಾಲೇಜು ಶುರುವಾಗಿರುತ್ತದೆ. ಪಿಯು ಮಕ್ಕಳನ್ನು ಪಾಠ ತಪ್ಪಿಸಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಪದವಿ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿರುವವರು, ಸೆಮಿಸ್ಟರ್ ನಡುವೆ ಬಿಡುವಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಒಂದೂವರೆ ತಿಂಗಳ ರಜೆ ಹೊಂದಿಸಿಕೊಳ್ಳಬಲ್ಲ ಉದ್ಯೋಗಿಗಳು, ಇವರಿಗೆ ಜುಲೈ ಸರಿಹೊಂದುತ್ತದೆ.

ಕೋರ್ಸುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಚೀನಾದ ವಿಶ್ವವಿದ್ಯಾಲಯಗಳೇ ನಡೆಸುವ ಅಲ್ಪಾವಧಿ ಕೋರ್ಸುಗಳು ಖರ್ಚಿನಲ್ಲಿ ಹಗುರ. ವಿದೇಶಿಯರಿಗೆ ಚೀನೀ ಕಲಿಸಲೆಂದೇ 1962ರಲ್ಲಿ ಸ್ಥಾಪನೆಯಾದ ಬೀಜಿಂಗ್ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ ಇವುಗಳಲ್ಲಿ ಹಿರಿಯದು. ಎಷ್ಟೋ ದೇಶಗಳಲ್ಲಿ ಬಳಸುವ ಚೀನೀ ಪಠ್ಯಪುಸ್ತಕಗಳು ಅದರ ಮುದ್ರಣಾಲಯದವು. ಎರಡನೆಯದು ಅಮೆರಿಕದ ಕಾಲೇಜುಗಳು ನಡೆಸುವ, ಪ್ರತಿಜ್ಞೆ ಇರುವ ಬಿಗಿ ಕೋರ್ಸು. ಇಲ್ಲಿ ಕಲಿಕೆ ಗಟ್ಟಿ, ಖರ್ಚು ಹಲವು ಲಕ್ಷ. ಮೂರನೆಯದು ಖಾಸಗಿ ಶಾಲೆಗಳು. ಒಬ್ಬರಿಗೊಬ್ಬ ಶಿಕ್ಷಕರು ಸಿಗುತ್ತಾರೆ, ಯಾವ ಸೋಮವಾರ ಬೇಕಾದರೂ ಸೇರಬಹುದು. ಆದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪ್ರವೇಶ ಪತ್ರ ಕೊಡುವ ಅಧಿಕಾರ ಆ ಶಾಲೆಗೆ ಇದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ. ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ನೋಡಿಕೊಳ್ಳೋಣ’ ಎಂಬ ಉತ್ತರ ಬಂದರೆ ಆ ಶಾಲೆಯನ್ನು ಅಲ್ಲಿಗೇ ಬಿಡಿ.

ಯಾವ ಬಗೆಯದಾದರೂ, ಬೇಸಿಗೆಯದೊಂದು ತೊಂದರೆಯನ್ನು ಕೋರ್ಸಿನ ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ. ಜುಲೈ ಎರಡನೇ ವಾರದ ಹೊತ್ತಿಗೆ ಚೀನೀ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋಗಿರುತ್ತಾರೆ. ಕ್ಯಾಂಪಸ್ಸು ಖಾಲಿ. ಉಳಿದವರು ಕೊರಿಯಾ, ರಷ್ಯಾ, ಥಾಯ್ಲೆಂಡ್‌ಗಳಿಂದ ನಿಮ್ಮಂತೆಯೇ ಕಲಿಯಲು ಬಂದವರು. ಊಟದ ಮೇಜಿನ ಭಾಷೆ ಇಂಗ್ಲಿಷ್ ಆಗಿಬಿಡುತ್ತದೆ. ಆದ್ದರಿಂದ ಬೇಸಿಗೆಯಲ್ಲೂ ಚೀನೀ ರೂಮ್‌ಮೇಟ್ ಕೊಡುತ್ತಾರೆಯೇ, ಮನೆಯೊಂದರಲ್ಲಿ ಉಳಿಯಲು ಏರ್ಪಾಡು ಮಾಡುತ್ತಾರೆಯೇ, ದಿನಕ್ಕೆ ಒಂದು ಗಂಟೆಯಾದರೂ ಸ್ಥಳೀಯರೊಬ್ಬರ ಜೊತೆ ಮಾತಿಗೆ ಕೂರಿಸುತ್ತಾರೆಯೇ ಎಂಬುದನ್ನು ಕೇಳಲೇಬೇಕು. ತರಗತಿಯಲ್ಲಿ ಎಷ್ಟು ಜನ ಎಂಬುದು ಎರಡನೇ ಪ್ರಶ್ನೆ. ಐವತ್ತು ನಿಮಿಷದ ಪಾಠದಲ್ಲಿ ಇಪ್ಪತ್ತು ಜನರಿದ್ದರೆ, ಶಿಕ್ಷಕರು ಒಂದು ಮಾತೂ ಆಡದಿದ್ದರೂ ನಿಮ್ಮ ಪಾಲಿಗೆ ಬರುವುದು ಎರಡೂವರೆ ನಿಮಿಷ. ಎಂಟು ಜನರಿದ್ದರೆ ಆರು ನಿಮಿಷ ದಾಟುತ್ತದೆ. ಸೇರುವಾಗ ಮಟ್ಟ ಅಳೆಯುವ ಪರೀಕ್ಷೆ ಇದೆಯೇ, ಮೊದಲ ವಾರದಲ್ಲಿ ತರಗತಿ ಬದಲಿಸಲು ಬಿಡುತ್ತಾರೆಯೇ, ಯಾವ ಪಠ್ಯಪುಸ್ತಕ, ಯಾವ ಪಾಠದಿಂದ ಎಂದೂ ವಿಚಾರಿಸಿ. ಇಲ್ಲಿ ಓದಿ ಮುಗಿಸಿದ ಪುಸ್ತಕವನ್ನೇ ಅಲ್ಲಿ ಮೊದಲಿಂದ ಓದಿಸಿದರೆ ದುಡ್ಡು ನೀರುಪಾಲು.

ಒಳ್ಳೆಯ ಕೋರ್ಸಿನ ಒಂದು ದಿನ ಹೀಗಿರುತ್ತದೆ. ಬೆಳಿಗ್ಗೆ ಎಂಟಕ್ಕೆ ‘ಥಿಂಗ್‌ಶಿಯೆ’, ಅಂದರೆ ಉಕ್ತಲೇಖನ. ಶಿಕ್ಷಕರು ಹಿಂದಿನ ದಿನದ ಪದಗಳನ್ನು ಹೇಳುತ್ತಾರೆ, ನೀವು ಅಕ್ಷರ ಬರೆಯಬೇಕು. ಒಂದು ಗೆರೆ ತಪ್ಪಿದರೂ ಅಂಕವಿಲ್ಲ. ಆಮೇಲೆ ಮಧ್ಯಾಹ್ನದವರೆಗೆ ಪಾಠ, ಅದರಲ್ಲಿ ಬಹುಪಾಲು ಒಂದೇ ವಾಕ್ಯವನ್ನು ಹತ್ತು ರೀತಿ ತಿರುಗಿಸಿ ಹೇಳಿಸುವುದು. ಊಟದ ನಂತರ ಒಬ್ಬರೇ ಶಿಕ್ಷಕರೆದುರು ಕೂತು ಮಾತು. ಸಂಜೆ ಮರುದಿನದ ಇಪ್ಪತ್ತು, ಮೂವತ್ತು ಹೊಸ ಪದಗಳನ್ನು ಚೌಕದ ಪುಸ್ತಕದಲ್ಲಿ ಬರೆದು ಬರೆದು ಕೈಗೆ ಹತ್ತಿಸುವುದು. ಶುಕ್ರವಾರ ಪರೀಕ್ಷೆ. ವಾರಕ್ಕೆ ಎರಡು ದಿನ ಊರು ಸುತ್ತಿಸುವ ಕಾರ್ಯಕ್ರಮ ಪಟ್ಟಿಯಲ್ಲಿದ್ದರೆ ಅದು ಪ್ರವಾಸ. ಪ್ರವಾಸ ತಪ್ಪಲ್ಲ, ಆದರೆ ಅದಕ್ಕೆ ತೀವ್ರ ಕೋರ್ಸಿನ ಬೆಲೆ ಕೊಡಬೇಡಿ.

ಊರಿನ ಆಯ್ಕೆಯನ್ನು ನಾನು ಕೊನೆಗೆ ಇಡುತ್ತೇನೆ. ಪ್ರಮಾಣ ಉಚ್ಚಾರಣೆಗೆ ಆಧಾರ ಬೀಜಿಂಗ್ ಮಾತು. ಆದರೆ ಅಲ್ಲಿನ ಬೀದಿಯವರು ಪದದ ಕೊನೆಗೆಲ್ಲ ‘ಅರ್’ ಸೇರಿಸಿ ಸುತ್ತಿಸುತ್ತಾರೆ, ಹೊಸಬರಿಗೆ ಮೊದಮೊದಲು ಗೊಂದಲ. ಈಶಾನ್ಯದ ಹಾರ್ಬಿನ್‌ನ ಮಾತು ಸ್ಪಷ್ಟ ಎಂಬ ಹೆಸರಿದೆ, ಜುಲೈ ಹವೆಯೂ ಹಿತ. ಶಾಂಘೈಯ ಮನೆಮಾತು ಬೇರೆಯೇ. ಬಿಸಿಲು, ಸೆಕೆ ನಮ್ಮವರಿಗೆ ತಡೆಯಲಾಗದಷ್ಟು. ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಸುಮಾರು 1,900 ಮೀಟರ್ ಎತ್ತರದಲ್ಲಿರುವ ಕುನ್‌ಮಿಂಗ್ ಇಷ್ಟವಾಗುತ್ತದೆ. ಬೀದಿಯಲ್ಲಿ ಕೇಳುವುದು ನೈರುತ್ಯದ ಆಡುಮಾತು ಎಂಬುದು ನೆನಪಿರಲಿ. ನನ್ನ ಆಯ್ಕೆ ಕೇಳಿದರೆ, ಮೊದಲ ಸಲ ಹೋಗುವವರಿಗೆ ಹಾರ್ಬಿನ್ ಅಥವಾ ಬೀಜಿಂಗ್.

ನರಸಾಪುರ, ದೇವನಹಳ್ಳಿಯ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು ತೈವಾನನ್ನೂ ಯೋಚಿಸಿ. ತೈಪೆಯ ರಾಷ್ಟ್ರೀಯ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ ಕೇಂದ್ರ 1956ರಿಂದ ನಡೆಯುತ್ತಿದೆ. ಅಲ್ಲಿನ ಸರ್ಕಾರ ಹುವಾಯು ಹೆಸರಿನ ಭಾಷಾ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ತೈವಾನಿನ ಕಚೇರಿ 2012ರಿಂದ ಚೆನ್ನೈಯಲ್ಲೇ ಇದೆ. ತೈವಾನಿನಲ್ಲಿ ಬಳಸುವುದು ಹಳೆಯ, ಗೆರೆ ಹೆಚ್ಚಿರುವ ಸಾಂಪ್ರದಾಯಿಕ ಅಕ್ಷರ. ಚೀನಾದಲ್ಲಿ ಸರಳೀಕೃತ ಅಕ್ಷರ. ಶುರುವಿನಲ್ಲಿ ಎರಡನ್ನೂ ಬೆರೆಸಬೇಡಿ.

ಇನ್ನು ಚೀನಾದ ವೀಸಾ ವಿಷಯ. 180 ದಿನದೊಳಗಿನ ಓದಿಗೆ ಎಕ್ಸ್–2 ವೀಸಾ, ಅದಕ್ಕೆ ಪ್ರವೇಶ ಪತ್ರ ಬೇಕೇ ಬೇಕು. ಬೆಂಗಳೂರಿನಲ್ಲಿ ಚೀನಾದ ಕಾನ್ಸುಲೇಟ್ ಇಲ್ಲ. ರಾಯಭಾರ ಕಚೇರಿ ದೆಹಲಿಯಲ್ಲಿ, ಕಾನ್ಸುಲೇಟುಗಳು ಮುಂಬೈ, ಕೋಲ್ಕತ್ತದಲ್ಲಿ. 2020ರಿಂದ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್ 26ರಂದು ಕೋಲ್ಕತ್ತ–ಗ್ವಾಂಗ್‌ಝೌ ಮಾರ್ಗದಿಂದ ಮತ್ತೆ ಶುರುವಾಯಿತು. ಹೋಟೆಲ್ ಬಿಟ್ಟು ಬೇರೆ ಕಡೆ ಉಳಿದರೆ 24 ಗಂಟೆಯೊಳಗೆ ಸ್ಥಳೀಯ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು.

ಮನೆಯವರು ಮೊದಲೇ ತಿಳಿದಿರಬೇಕಾದ ಇನ್ನೊಂದು ಮಾತು. ಚೀನಾದಲ್ಲಿ ವಾಟ್ಸ್‌ಆ್ಯಪ್, ಗೂಗಲ್ ತೆರೆಯುವುದಿಲ್ಲ. ಅಲ್ಲಿ ಎಲ್ಲರೂ ಬಳಸುವ ವಿಚಾಟನ್ನು ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದೆ. ಬನಶಂಕರಿಯಲ್ಲಿರುವ ತಾಯಿ, ಬೀಜಿಂಗ್‌ನಲ್ಲಿರುವ ಮಗಳು ಮಾತಾಡುವುದು ಹೇಗೆ? ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಳ್ಳಿ. ಅದರ ಡೇಟಾ ನಮ್ಮ ಕಂಪನಿಯ ಜಾಲದ ಮೂಲಕ ಬರುವುದರಿಂದ ಸಾಮಾನ್ಯವಾಗಿ ವಾಟ್ಸ್‌ಆ್ಯಪ್ ನಡೆಯುತ್ತದೆ. ಯುಪಿಐ ಅಲ್ಲಿ ಕೆಲಸಕ್ಕೆ ಬಾರದು. ಅಲಿಪೇ ಆ್ಯಪ್‌ಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಂಡರೆ ತರಕಾರಿ ಗಾಡಿಯವರೆಗೂ ನಡೆಯುತ್ತದೆ. ಸಸ್ಯಾಹಾರಿಗಳು ‘ವೊ ಛರ್ ಸು’, ಅಂದರೆ ನಾನು ಸಸ್ಯಾಹಾರ ತಿನ್ನುತ್ತೇನೆ, ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ಅದರ ಬೆನ್ನಿಗೆ ‘ಮಾಂಸದ ಚೂರೂ ಬೇಡ, ಮೊಟ್ಟೆಯೂ ಬೇಡ’ ಎಂದು ಬಿಡಿಸಿ ಹೇಳಲು ಕಲಿಯಿರಿ, ಏಕೆಂದರೆ ಸೊಪ್ಪಿನ ಪಲ್ಯಕ್ಕೂ ರುಚಿಗೆಂದು ಮಾಂಸದ ಚೂರು ಹಾಕುವುದು ಅಲ್ಲಿ ಮಾಮೂಲು. ಅವಲಕ್ಕಿ, ಚಟ್ನಿಪುಡಿ ಪೆಟ್ಟಿಗೆಯಲ್ಲಿರಲಿ.

ಜುಲೈ ಕೋರ್ಸಿಗೆ ಅರ್ಜಿಗಳು ಸಾಮಾನ್ಯವಾಗಿ ಮಾರ್ಚ್‌ನಿಂದ ಮೇ ನಡುವೆ ಮುಗಿಯುತ್ತವೆ. ಪ್ರವೇಶ ಪತ್ರ ಕೈಗೆ ಬಂದ ಮೇಲೆಯೇ ವೀಸಾ ಅರ್ಜಿ, ವೀಸಾ ಬಂದ ಮೇಲೆಯೇ ಟಿಕೆಟ್. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಹೆಚ್ಚು ಉಳಿದಿದೆಯೇ ಎಂದು ಇವತ್ತೇ ತೆಗೆದು ನೋಡಿ. ಮುಂದಿನ ಜುಲೈಗೆ ಹೋಗುವ ಮನಸ್ಸಿದ್ದವರು ಪಿನ್‌ಯಿನ್ ಮತ್ತು ನಾಲ್ಕು ಸ್ವರಗಳನ್ನು ಈ ತಿಂಗಳಿನಿಂದಲೇ ಶುರು ಮಾಡಿ.